‘ಮನಿ’ ಬರೆಯುವ ಮಗುವಿಗೆ ‘ಮನೆ’ ಕಲಿಸುವುದು: ಪದಗಳನ್ನು ವಿಂಗಡಿಸುತ್ತಾ ಓದು, ಬರಹ

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ‘ನಮ್ಮ ಮನಿ ಕೆರಿ ಹತ್ರ ಐತಿ. ಮಳಿ ಬಂದ್ರ ಕೆರಿ ತುಂಬತೈತಿ’ ಎಂದು ಬರೆದಿದ್ದಳು. ಮನಿ, ಕೆರಿ, ಮಳಿ, ಎಲ್ಲಕ್ಕೂ ಕೆಂಪು ಸುತ್ತು. ಕೆಳಗೆ ‘ತಲಾ 10 ಸಲ ಬರೆ’ ಎಂಬ ಆಜ್ಞೆ. ಅವಳು ಪುಟ ತುಂಬ ಮನೆ, ಮನೆ, ಮನೆ ಎಂದು ಬರೆದಿದ್ದಳು. ಮರುದಿನ ನಾನು ಉಕ್ತಲೇಖನ ಕೊಟ್ಟೆ. ಮತ್ತೆ ‘ಮನಿ’ ಬಂತು.

ಅವಳ ಕಿವಿ ಸರಿಯಾಗಿಯೇ ಕೇಳಿದೆ. ಕೇಳಿದ್ದನ್ನು ಕೈ ಸರಿಯಾಗಿಯೇ ಬರೆದಿದೆ. ಮನೆಯಲ್ಲಿ ಅವ್ವ ‘ಮನಿ’ ಅನ್ನುತ್ತಾಳೆ, ಅವಳೂ ಹಾಗೇ ಬರೆದಳು. ಇಂಥ ತಪ್ಪಿಗೆ ಕಾಪಿ ಬರೆಸುವುದು ಮದ್ದಲ್ಲ. ಕೈ ಬರೆಯುತ್ತಿರುತ್ತದೆ, ಕಣ್ಣು ನೋಡುವುದಿಲ್ಲ.

ನಾನು ಕೊಪ್ಪಳದ ಹತ್ತಿರದ ಹಳ್ಳಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಓದು, ಬರಹ ಹೇಳಿಕೊಡುತ್ತೇನೆ. ಈಗ ಕಾಪಿ ಬರೆಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅದರ ಬದಲು ಪದಗಳನ್ನು ಚೀಟಿಯ ಮೇಲೆ ಬರೆದು ಮಕ್ಕಳ ಕೈಗೆ ಕೊಡುತ್ತೇನೆ. ಅವರು ಅವನ್ನು ಗುಂಪು ಮಾಡುತ್ತಾರೆ, ಯಾಕೆ ಹಾಗೆ ಮಾಡಿದೆವು ಎಂದು ಹೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಅಪ್ಪ-ಅವ್ವಂದಿರು, ಶಿಕ್ಷಕರು ಯಾರು ಬೇಕಾದರೂ ದಿನಕ್ಕೆ 15 ನಿಮಿಷದಲ್ಲಿ ಇದನ್ನು ಮಾಡಬಹುದು.

ಮೊದಲು ಹತ್ತು ಪದ, ಮಾರ್ಕ್ಸ್ ಇಲ್ಲದೆ

ಈ ಹತ್ತು ಪದಗಳನ್ನು ಹೇಳಿ ಬರೆಸಿ: ಮರ, ಬಾಲ, ಗಿಳಿ, ಕೋಣ, ಮನೆ, ರೊಟ್ಟಿ, ತಮ್ಮ, ಗಂಟೆ, ಪುಸ್ತಕ, ಸೂರ್ಯ. ಪ್ರತಿ ಪದವನ್ನೂ ಒಂದು ವಾಕ್ಯದಲ್ಲಿ ಬಳಸಿ ಹೇಳಿ, ಅರ್ಥ ಗೊತ್ತಾಗಲಿ. ಇದು ಪರೀಕ್ಷೆ ಅಲ್ಲ ಎಂದು ಮಗುವಿಗೆ ಮೊದಲೇ ತಿಳಿಸಿ. ಕೆಂಪು ಪೆನ್ನು ಮುಟ್ಟಲೇಬೇಡಿ.

ಈಗ ತಪ್ಪುಗಳನ್ನು ಓದಿ. ಬಾಲ ಎನ್ನಲು ‘ಬಲ’ ಬರೆದರೆ ಹ್ರಸ್ವ, ದೀರ್ಘ ಇನ್ನೂ ಕೂತಿಲ್ಲ. ‘ರೊಟಿ’ ಬರೆದರೆ ಮಗು ಒತ್ತಿನ ಹತ್ತಿರ ಬಂದು ನಿಂತಿದೆ. ‘ಪುಸತಕ’ ಬರೆದ ಮಗು ಎಲ್ಲ ವ್ಯಂಜನಗಳನ್ನೂ ಸರಿಯಾದ ಸಾಲಿನಲ್ಲಿ ಕೇಳಿಸಿಕೊಂಡಿದೆ. ‘ಸ’ದೊಳಗಿನ ‘ಅ’ವನ್ನು ತೆಗೆದು ‘ತ’ವನ್ನು ಕೆಳಗೆ ಕೂರಿಸಬೇಕು ಎಂಬುದಷ್ಟೇ ಅದಕ್ಕೆ ಗೊತ್ತಿಲ್ಲ. ಅದೇ ‘ಪುತ್ಸಕ’ ಬರೆದ ಮಗುವಿಗೆ ಒತ್ತು ಗೊತ್ತು, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಗೊತ್ತಿಲ್ಲ. ಎರಡೂ ತಪ್ಪೇ. ಆದರೆ ಎರಡಕ್ಕೂ ಬೇರೆ ಬೇರೆ ಪಾಠ ಬೇಕು, ಅಲ್ವಾ?

ತಪ್ಪುಗಳಿಗೂ ಒಂದು ಕ್ರಮ ಇದೆ ಎಂಬ ಮಾತು ಹೊಸದಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಹೆಂಡರ್ಸನ್ ಮತ್ತು ಅವರ ಜೊತೆಗಾರರು ಇಂಗ್ಲಿಷ್ ಕಲಿಯುವ ಮಕ್ಕಳ ಸ್ಪೆಲ್ಲಿಂಗ್ ತಪ್ಪುಗಳನ್ನು ನೋಡಿ ನೋಡಿಯೇ ಈ ದಾರಿಯನ್ನು ಕಟ್ಟಿದರು. ಅವರ ಮಕ್ಕಳ ಕಷ್ಟ ಬೇರೆ, ನಮ್ಮ ಮಕ್ಕಳ ಕಷ್ಟ ಬೇರೆ. ಅಲ್ಲಿ ಒಂದೇ ಅಕ್ಷರಕ್ಕೆ ಹಲವು ಸದ್ದು. ನಮ್ಮಲ್ಲಿ ಬರೆದ ಹಾಗೆ ಓದುತ್ತೇವೆ, ಆದರೆ ಕಲಿಯಬೇಕಾದ ಗುರುತುಗಳು ಬಹಳ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೂ ಗುಣಿತ, ಆಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ. ಮೂರನೇ ಕ್ಲಾಸಿನ ಮಗು ಒತ್ತಿನಲ್ಲಿ ತಡವರಿಸಿದರೆ ಗಾಬರಿ ಬೇಡ.

ಓದಿನಲ್ಲಿ ಇನ್ನೊಂದು ಪರೀಕ್ಷೆ ಇದೆ. ಕೆಲವು ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿ ‘ಓದುತ್ತಾರೆ’. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಅದನ್ನು ತಿಳಿಯಲು ಅರ್ಥವೇ ಇಲ್ಲದ ಪದ ಬರೆದು ಕೊಡಿ: ಲಮಿ, ಟೊಕ್ಕು, ನಿರ್ಗಾ. ಇವನ್ನು ಓದಿದರೆ ಆ ಮಗುವಿಗೆ ನಿಜವಾಗಿ ಅಕ್ಷರ ಬಿಡಿಸಲು ಬರುತ್ತದೆ.

ಸಾಮಾನು

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಸಾಕು. ಎರಡು ಬೆರಳು ಅಗಲಕ್ಕೆ ಕತ್ತರಿಸಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಒಂದು ಚೀಟಿಗೆ ಒಂದು ಪದ. ಒಂದು ಆಟಕ್ಕೆ 12ರಿಂದ 15 ಚೀಟಿ, ಜಾಸ್ತಿ ಬೇಡ. ಮಗುವಿಗೆ ಓದಲು ಬರುವ ಪದಗಳೇ ಇರಲಿ. ಗೊತ್ತಿಲ್ಲದ ಪದವನ್ನು ಅದು ಸುಮ್ನೆ ಅಂದಾಜಿನಲ್ಲಿ ಎಲ್ಲೋ ಇಡುತ್ತದೆ.

ಗುಣಿತದ ಹಾಡನ್ನು ಮುರಿಯಿರಿ

‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. ಕೇಳಲು ಚೆಂದ. ಆದರೆ ನಡುವಿನಿಂದ ‘ಕೊ’ ಒಂದನ್ನೇ ತೋರಿಸಿ ನೋಡಿ. ಮಗು ಮತ್ತೆ ‘ಕ ಕಾ ಕಿ ಕೀ’ ಎಂದು ಮೊದಲಿಂದ ಶುರು ಮಾಡಿ ಅಲ್ಲಿಗೆ ಬರುತ್ತದೆ. ಅದು ಕಲಿತಿದ್ದು ಹಾಡು, ಗುರುತಲ್ಲ.

ಅದಕ್ಕೆ ಅಡ್ಡ ಸಾಲು ಬಿಟ್ಟು ಕಂಬ ಸಾಲು ಹಿಡಿಯಿರಿ. ಒಂದು ವಾರ ಗುಡಿಸು ಮಾತ್ರ. ಗಿ, ನಿ, ತಿ, ರಿ, ಲಿ, ಳಿ ಚೀಟಿಗಳು. ಅವುಗಳಿಂದ ಪದಗಳು: ನರಿ, ಇಲಿ, ಗಿಳಿ, ಕುರಿ. ಎಲ್ಲದರಲ್ಲೂ ಒಂದೇ ಗುರುತು, ಒಂದೇ ‘ಇ’ ಸದ್ದು ಎಂದು ಮಗುವೇ ಕಂಡುಕೊಳ್ಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಅಕ್ಷರಗಳು ಅ, ಆ, ಇ, ಈ ಎಂಬ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಬರುತ್ತವೆ. ಬರೆಯಲು ಸುಲಭ, ಬೇಗ ಪದ ಕಟ್ಟಬಹುದು ಎಂಬ ಕಾರಣಕ್ಕೆ. ಅದನ್ನು ನೋಡಿ ‘ಇವರು ವರ್ಣಮಾಲೆಯನ್ನೇ ಕಲಿಸುತ್ತಿಲ್ಲ’ ಎಂದು ಬೇಸರ ಮಾಡಿಕೊಳ್ಳುವ ತಂದೆ-ತಾಯಿ ಇದ್ದಾರೆ. ಬೇಸರ ಬೇಡ, ದಾರಿ ಸರಿಯಾಗಿದೆ.

ಹ್ರಸ್ವ, ದೀರ್ಘಕ್ಕೆ ಜೋಡಿ ಪದ ಕೊಡಿ: ಬಲ-ಬಾಲ, ಮರ-ಮಾರ, ಕೊಡು-ಕೋಡು, ಬೆಳೆ-ಬೇಳೆ. ಮಗು ಪದ ಹೇಳುತ್ತಾ ಕೈಯಿಂದ ನೆಲದ ಮೇಲೆ ಗೆರೆ ಎಳೆಯಲಿ, ಗಿಡ್ಡ ಸದ್ದಿಗೆ ಗಿಡ್ಡ ಗೆರೆ, ಉದ್ದ ಸದ್ದಿಗೆ ಉದ್ದ ಗೆರೆ. ಆಮೇಲೆ ಎರಡು ಗುಂಪು ಮಾಡಲಿ.

ಒತ್ತಕ್ಷರ: ಮನೆಮಂದಿಯಿಂದ ಶುರು

ಇಲ್ಲೇ ಬಹಳ ಮಕ್ಕಳು ನಿಂತುಬಿಡುತ್ತಾರೆ. ಇದಕ್ಕೆ ಅವಸರ ಮಾಡಬೇಡಿ.

ಮೊದಲು ಸಜಾತಿ ಒತ್ತು, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು. ಇದಕ್ಕೆ ಪುಸ್ತಕವೇ ಬೇಡ, ಮನೆಮಂದಿ ಸಾಕು: ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ತಮ್ಮ, ಅತ್ತೆ. ಅಡಿಗೆಮನೆಯಿಂದ ಅನ್ನ, ಬೆಲ್ಲ, ರೊಟ್ಟಿ. ಬಂದವರನ್ನು ಕರೆಯಲು ‘ಬರ್ರಿ’.

ಚೀಟಿಗಳನ್ನು ಹರಡಿ ಕೇಳಿ: ‘ಯಾವುದರಲ್ಲಿ ಕೆಳಗಿನ ಅಕ್ಷರ ಮೇಲಿನದರ ಹಾಗೇ ಇದೆ? ಯಾವುದರಲ್ಲಿ ವೇಷ ಬದಲಿಸಿದೆ?’ ಮಕ್ಕಳು ಬಗ್ಗಿ ಬಗ್ಗಿ ನೋಡುತ್ತಾರೆ. ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ರೊಟ್ಟಿ ಒಂದು ಕಡೆ. ತಮ್ಮ, ಅತ್ತೆ, ಅನ್ನ, ಬೆಲ್ಲ, ಬರ್ರಿ ಇನ್ನೊಂದು ಕಡೆ. ಹೀಗೆ ವೇಷ ಬದಲಿಸುವ ಒತ್ತುಗಳು ಆರೇ ಆರು: ತ, ನ, ಮ, ಯ, ರ, ಲ. ‘ಯ’ಕ್ಕೆ ‘ಅಯ್ಯ’ ಸೇರಿಸಿ. ಉಳಿದವು ತಲಕಟ್ಟು ಕಳಚಿ ಹಾಗೇ ಕೆಳಗೆ ಕೂರುತ್ತವೆ. ‘ಆರು ಮಾತ್ರ ಕಲಿತರೆ ಸಾಕು’ ಎಂದು ಗೊತ್ತಾದಾಗ ಮಕ್ಕಳ ಮುಖ ಹಗುರಾಗುತ್ತದೆ. ಎಲ್ಲ ಒತ್ತುಗಳನ್ನೂ ಬೇರೆ ಬೇರೆಯಾಗಿ ಕಲಿಯಬೇಕು ಎಂದು ಅವರು ಹೆದರಿರುತ್ತಾರೆ.

ವಿಜಾತಿ ಒತ್ತಿಗೆ, ಅಂದರೆ ಬೇರೆ ಬೇರೆ ಅಕ್ಷರ ಸೇರುವ ಒತ್ತಿಗೆ, ನಮ್ಮ ಊರುಗಳ ಹೆಸರಿಗಿಂತ ಒಳ್ಳೆಯ ಪಟ್ಟಿ ಇಲ್ಲ. ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಬಸ್ಸಿನ ಬೋರ್ಡ್ ನೋಡಿ ಮಗು ಊರ ಹೆಸರು ಬರೆದುಕೊಳ್ಳಲಿ. ಮನೆಗೆ ಬಂದು ನಾಲ್ಕು ಗುಂಪು ಮಾಡಿಸಿ. ಒತ್ತೇ ಇಲ್ಲದವು: ರಾಯಚೂರು, ಗಂಗಾವತಿ, ಕನಕಗಿರಿ, ಕಾರಟಗಿ, ಲಿಂಗಸುಗೂರು. ಸಜಾತಿ: ಕೊಪ್ಪಳ, ಬಳ್ಳಾರಿ, ಸಿರುಗುಪ್ಪ. ವಿಜಾತಿ: ಮಸ್ಕಿ, ಕುಷ್ಟಗಿ, ಕಂಪ್ಲಿ, ಮಾನ್ವಿ. ಅರ್ಕಾವತ್ತು: ಯಲಬುರ್ಗಾ, ದೇವದುರ್ಗ. ದೊಡ್ಡ ಮಕ್ಕಳೂ ಈ ಆಟವನ್ನು ಬಿಡುವುದಿಲ್ಲ. ‘ನಮ್ಮ ಮಾವನ ಊರು ಯಾವ ಗುಂಪು?’ ಎಂದು ಕೇಳುತ್ತಾ ಹೊಸ ಊರು ಸೇರಿಸುತ್ತಾರೆ.

‘ಮಸ್ಕಿ’ಯನ್ನು ಕೆಲವರು ‘ಮಸಿಕ’ ಎಂದು ಓದುತ್ತಾರೆ. ತಪ್ಪು ಅವರದಲ್ಲ. ಗುಡಿಸು ‘ಸ’ದ ಮೇಲೆ ಕೂತಿದೆ, ‘ಕ’ ಕೆಳಗಿದೆ. ಆದರೆ ‘ಇ’ ಸದ್ದು ಬರುವುದು ‘ಕ’ ಆದ ಮೇಲೆ. ಕಣ್ಣಿಗೆ ಕಾಣುವ ಸಾಲು ಬೇರೆ, ಬಾಯಿಗೆ ಬರುವ ಸಾಲು ಬೇರೆ. ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬ ‘ಸ್’, ಒಬ್ಬ ‘ಕ್’, ಒಬ್ಬ ‘ಇ’. ಒಬ್ಬರಾದ ಮೇಲೆ ಒಬ್ಬರು ತಮ್ಮ ಸದ್ದು ಹೇಳಲಿ, ಮೊದಲು ನಿಧಾನ, ಆಮೇಲೆ ಬೇಗ. ಈಗ ಬರೆಯುವ ಆಟ: ‘ಸ್’ ನಿಂತಿರಲಿ, ‘ಕ್’ ಅವನ ಮುಂದೆ ಕೂತುಕೊಳ್ಳಲಿ, ‘ಇ’ ಬಂದು ನಿಂತವನ ತಲೆಯ ಮೇಲೆ ಕೈ ಇಡಲಿ. ಎರಡು ಸಲ ಆಡಿದರೆ ‘ಕುಸ್ತಿ’, ‘ಅಕ್ಕಿ’, ‘ಪ್ರೀತಿ’ ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಅರ್ಕಾವತ್ತಿನಲ್ಲಿ ‘ರ್’ ಮೊದಲು ಕೂಗಿ, ಓಡಿಹೋಗಿ ಕೊನೆಯಲ್ಲಿ ನಿಲ್ಲುತ್ತಾನೆ. ಈ ಓಟ ಮಕ್ಕಳಿಗೆ ಬಹಳ ಇಷ್ಟ.

ಅದೇ ಊರುಗಳಲ್ಲಿ ಸೊನ್ನೆಯ ಪಾಠವೂ ಇದೆ. ಗಂಗಾವತಿ, ಸಂಡೂರು, ಸಿಂಧನೂರು, ಕಂಪ್ಲಿ, ಇವನ್ನು ನಿಧಾನಕ್ಕೆ ಹೇಳಿಸಿ. ಸೊನ್ನೆ ಒಂದೇ, ಸದ್ದು ನಾಲ್ಕು. ಗಂಗಾವತಿಯಲ್ಲಿ ನಾಲಿಗೆ ಹಿಂದೆ, ಕಂಪ್ಲಿಯಲ್ಲಿ ತುಟಿ ಮುಚ್ಚುತ್ತದೆ. ಮುಂದಿನ ಅಕ್ಷರ ಯಾವುದೋ ಸೊನ್ನೆ ಅದರ ಜೊತೆ ಹೋಗುತ್ತದೆ. ‘ಕಮ್ಪ್ಲಿ’ ಎಂದು ಬರೆಯುವ ಮಗುವಿಗೆ ಇದನ್ನು ತೋರಿಸಿದರೆ ಮುಗಿಯಿತು.

ಮನಿ, ಮನೆ

ಮತ್ತೆ ಆ ಹುಡುಗಿಯ ನೋಟ್‌ಬುಕ್ಕಿಗೆ ಬರುತ್ತೇನೆ. ನಮ್ಮ ಕಡೆ ಮಾತಿನಲ್ಲಿ ಪದದ ಕೊನೆಯ ‘ಎ’ ಎಲ್ಲ ‘ಇ’ ಆಗುತ್ತದೆ. ಮನೆ ಮನಿ, ಮಳೆ ಮಳಿ, ಎಲೆ ಎಲಿ, ಕೆರೆ ಕೆರಿ, ತಲೆ ತಲಿ, ಶಾಲೆ ಸಾಲಿ. ಇದು ತಪ್ಪು ಕನ್ನಡ ಅಲ್ಲ, ನಮ್ಮ ಕನ್ನಡ. ‘ಮನಿ ಅನ್ನಬೇಡ, ಮನೆ ಅನ್ನು’ ಎಂದು ಮಗುವಿನ ಮಾತು ತಿದ್ದಲು ಹೋಗಬೇಡಿ. ತಿದ್ದಿದರೆ ಅದು ಮಾತೇ ಆಡುವುದಿಲ್ಲ. ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತ ಎಷ್ಟೋ ಮಕ್ಕಳನ್ನು ನಾನು ಹೊರಗೆ ಗೋಲಿ ಆಡುವಾಗ ನೋಡಿದ್ದೇನೆ. ಅಲ್ಲಿ ಅವರ ಮಾತಿಗೆ ತಡೆಯೇ ಇಲ್ಲ.

ಹೀಗೆ ಮಾಡಿ. ನೆಲದ ಮೇಲೆ ಬಳಪದಿಂದ ಎರಡು ಮನೆ ಬರೆಯಿರಿ, ಒಂದು ‘ಮಾತಿನ ಮನೆ’, ಇನ್ನೊಂದು ‘ಬರಹದ ಮನೆ’. ಮಾತಿನ ಮನೆಯಲ್ಲಿ ‘ಮಳಿ’ ಚೀಟಿ ಇದ್ದರೆ ಬರಹದ ಮನೆಯಲ್ಲಿ ‘ಮಳೆ’ ಚೀಟಿ ಎದುರಿಗೆ ಬರಬೇಕು. ಎರಡೂ ಮರ್ಯಾದೆಯ ಮನೆಗಳೇ. ಆರು ಜೋಡಿ ಆದ ಮೇಲೆ ಕೇಳಿ: ‘ಈ ಕಡೆಯಿಂದ ಆ ಕಡೆಗೆ ಹೋಗುವಾಗ ಏನು ಬದಲಾಯಿತು?’ ಮಗು ಬೆರಳಿಟ್ಟು ಗುಡಿಸು, ಏತ್ವ ತೋರಿಸುತ್ತದೆ. ಆ ಬೆರಳು ತೋರಿಸಿದ ಕ್ಷಣವೇ ಪಾಠ.

ಆದರೆ ಇಲ್ಲಿಗೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ, ಮರುದಿನ ಮಕ್ಕಳು ‘ಕುರೆ’, ‘ಇಲೆ’, ‘ಹುಲೆ’ ಎಂದು ಬರೆದುಕೊಂಡು ಬಂದರು. ಕೊನೆಯ ‘ಇ’ಯನ್ನೆಲ್ಲ ‘ಎ’ ಮಾಡಿದ್ದರು! ಅದು ದಡ್ಡತನ ಅಲ್ಲ. ನಿಯಮ ಹಿಡಿದಿದ್ದಾರೆ, ಎಲ್ಲಿಯವರೆಗೆ ಎಂಬುದು ತಿಳಿದಿಲ್ಲ. ಅದಕ್ಕೆ ಮೂರನೆಯ ಗುಂಪು ಬೇಕು, ಎರಡೂ ಮನೆಯಲ್ಲಿ ಒಂದೇ ಆಗಿರುವ ಪದಗಳು: ಕುರಿ, ಇಲಿ, ಹುಲಿ, ನರಿ, ರೊಟ್ಟಿ, ಅಕ್ಕಿ. ಯಾವ ಪದ ಯಾವ ಗುಂಪು ಎಂದು ಕಿವಿಯಿಂದ ತಿಳಿಯಲು ಆಗುವುದಿಲ್ಲ, ನಮ್ಮ ಮಾತಿನಲ್ಲಿ ಎರಡೂ ಒಂದೇ ಸದ್ದು. ಕಣ್ಣೇ ಇದನ್ನು ಕಲಿಯಬೇಕು. ಆದ್ದರಿಂದ ಈ ಮೂರು ಗುಂಪಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಕತೆ ಓದುವಾಗ ಹೊಸ ಪದ ಸಿಕ್ಕರೆ ಮಗುವೇ ಎದ್ದು ಹೋಗಿ ಪಟ್ಟಿಗೆ ಸೇರಿಸಲಿ.

ಸ, ಶ, ಷ ಮತ್ತು ಮಹಾಪ್ರಾಣ

‘ಸಾಲಿ’ ಎಂದು ಬರೆದ ಮಗುವಿಗೆ ಮಸ್ಕಿಯ ಬಂಡೆಯ ಕತೆ ಹೇಳಿ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಇದೆ. ಬೇರೆ ಕಡೆಯ ಶಾಸನಗಳಲ್ಲಿ ಹೆಚ್ಚಾಗಿ ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ ಇರುತ್ತಿತ್ತು. ಆ ಬಿರುದಿನ ರಾಜ ಅಶೋಕನೇ ಎಂದು ಗಟ್ಟಿಯಾಗಿದ್ದು ಮಸ್ಕಿಯ ಬಂಡೆಯಿಂದ. ಅಲ್ಲಿ ಕೆತ್ತಿರುವುದು ‘ಅಸೋಕ’ ಎಂದು, ‘ಶ’ ಅಲ್ಲ, ‘ಸ’. ಅದು ಪ್ರಾಕೃತ, ಆ ಭಾಷೆಯ ಬರಹದ ರೂಢಿ ಹಾಗೆ. ನಮ್ಮ ಇಂದಿನ ಬರಹದ ರೂಢಿ ‘ಅಶೋಕ’. ರೂಢಿ ಎಂದರೆ ಏನು ಎಂದು ತಿಳಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಕೊಪ್ಪಳದವರಿಗೆ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಕರೆದುಕೊಂಡು ಹೋಗಿ ಬ್ರಾಹ್ಮಿ ಅಕ್ಷರ ತೋರಿಸಿ. ಅಕ್ಷರಕ್ಕೆ ಸ್ವರದ ಗುರುತು ಅಂಟಿಸುವ ಗುಣಿತದ ಪದ್ಧತಿ ಆಗಲೇ ಇತ್ತು.

ಒತ್ತಿನ ಜೊತೆ ಬಂದಾಗ ಸ, ಶ, ಷಕ್ಕೆ ಒಂದು ಲೆಕ್ಕ ಇದೆ. ಇಷ್ಟ, ಕಷ್ಟ, ಕುಷ್ಟಗಿ, ಕೃಷ್ಣ, ಎಷ್ಟು ಒಂದು ಗುಂಪು. ಪುಸ್ತಕ, ರಸ್ತೆ, ಕುಸ್ತಿ, ವಸ್ತು ಇನ್ನೊಂದು. ಪಶ್ಚಿಮ, ನಿಶ್ಚಯ ಮೂರನೆಯದು. ಟ, ಣದ ಜೊತೆ ‘ಷ’, ತದ ಜೊತೆ ‘ಸ’, ಚದ ಜೊತೆ ‘ಶ’. ಇದನ್ನು ನೀವು ಹೇಳಬೇಡಿ. ಚೀಟಿ ಕೊಡಿ, ಕಾಯಿರಿ. ‘ಪೋಸ್ಟ್’, ‘ಮಾಸ್ಟರ್’ ಮಾತ್ರ ಇಂಗ್ಲಿಷಿನಿಂದ ಬಂದವು, ಅವು ಈ ಲೆಕ್ಕ ಕೇಳುವುದಿಲ್ಲ.

ಮಹಾಪ್ರಾಣಕ್ಕೂ ಹೆದರಬೇಕಿಲ್ಲ. ಹೊಲ, ಎತ್ತು, ರೊಟ್ಟಿ, ಹತ್ತಿ, ಜೋಳ, ಇಂಥ ನಮ್ಮ ಮನೆಮಾತಿನ ಪದಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಬರುವುದು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿ: ಭಾರತ, ಭೂಮಿ, ಮುಖ, ರಥ, ಬುಧವಾರ, ಧಾನ್ಯ. ಮಗುವಿಗೆ ಬೇಕಾದ 30, 40 ಪದಗಳ ಪಟ್ಟಿ ಮಾಡಿ ಕಣ್ಣಿಗೆ ಬೀಳುವ ಹಾಗೆ ಇಡಿ. ಲ, ಳ ಗೊಂದಲಕ್ಕೆ ಹುಲಿ-ಹುಳಿ, ಬೆಲೆ-ಬೆಳೆ, ಕಲೆ-ಕಳೆ ಜೋಡಿಗಳು ಸಾಕು. ಪದದ ಮೊದಲಿಗೆ ‘ಳ’ ಬರುವುದೇ ಇಲ್ಲ ಎಂಬುದೂ ನೆನಪಿರಲಿ.

ಮನೆಮಾತು ಬೇರೆ ಇರುವ ಮಕ್ಕಳು

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಕ್ಯಾಂಪುಗಳಲ್ಲಿ, ಅಂದರೆ ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಊರುಗಳಲ್ಲಿ, ಮನೆಮಾತು ತೆಲುಗು. ಆ ಮಕ್ಕಳಿಗೆ ಒಂದು ಬಲು ಒಳ್ಳೆಯ ಆಟ ಇದೆ. ಹಾಲು-ಪಾಲು, ಹುಲಿ-ಪುಲಿ, ಹಾವು-ಪಾಮು, ಹೂವು-ಪುವ್ವು. ಕನ್ನಡದ ಚೀಟಿ ಒಂದು ಕಡೆ, ತೆಲುಗು ಪದ ಕನ್ನಡ ಅಕ್ಷರದಲ್ಲೇ ಬರೆದು ಇನ್ನೊಂದು ಕಡೆ. ಅಲ್ಲಿನ ‘ಪ’ ಇಲ್ಲಿ ‘ಹ’ ಎಂದು ಅವರೇ ಕಂಡುಹಿಡಿಯುತ್ತಾರೆ. ಬಳ್ಳಾರಿ ಕಡೆ ಕೆಲವು ಮನೆಗಳಲ್ಲಿ ‘ಹಾಲು’ ಎನ್ನಲು ‘ಆಲು’ ಅನ್ನುತ್ತಾರಲ್ಲ, ಆ ಮಕ್ಕಳಿಗೂ ಈ ಆಟ ‘ಹ’ವನ್ನು ನೆನಪಿನಲ್ಲಿ ಕೂರಿಸುತ್ತದೆ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳು ‘ಘರ್’, ‘ಭಾಯಿ’ ಎಂದು ಅಂದು ಬೆಳೆದವರು. ಮಹಾಪ್ರಾಣದ ದಿನ ಅವರನ್ನೇ ಮುಂದೆ ಕರೆದು ಸದ್ದು ಹೇಳಿಸಿ, ಉಳಿದವರು ಕೇಳಲಿ.

ವಾರದ ಲೆಕ್ಕ

ಸೋಮವಾರ ಹೊಸ ಚೀಟಿ, ನೀವು ಹೇಳಿದ ಗುಂಪು. ಮಂಗಳವಾರ ಅದೇ ಚೀಟಿ, ಮಗು ತನಗೆ ತೋಚಿದ ಗುಂಪು ಮಾಡಲಿ. ಬುಧವಾರ ಹುಡುಕಾಟ, ಪಠ್ಯಪುಸ್ತಕ, ರೇಷನ್ ಅಂಗಡಿಯ ಬೋರ್ಡ್, ಬಿಸ್ಕತ್ತಿನ ಪೊಟ್ಟಣ, ಎಲ್ಲಿ ಬೇಕಾದರೂ. ಗುರುವಾರ ನೋಟ್‌ಬುಕ್ಕಿನಲ್ಲಿ ಗುಂಪುಗಳನ್ನು ಬರೆಯುವುದು, ಕೆಳಗೆ ‘ಇವೆಲ್ಲ ಯಾಕೆ ಒಂದೇ ಗುಂಪು’ ಎಂದು ಒಂದು ಸಾಲು.

ಶುಕ್ರವಾರ ಪದಸರಪಳಿ. ಒಂದು ಸಲಕ್ಕೆ ಒಂದೇ ಕಡೆ ಬದಲಾಯಿಸಬೇಕು, ಪ್ರತಿ ಸಲವೂ ಅರ್ಥ ಇರಬೇಕು. ಮರ, ಬರ, ಬಲ, ಬಾಲ, ಸಾಲ, ಸಾಲು, ಹಾಲು, ಹಾಳು, ಬಾಳು, ಬಾಳೆ, ಬೇಳೆ, ಬೆಳೆ, ಬೆಲೆ. ನೀವು ಸುಳಿವು ಕೊಡಿ: ‘ಈಗ ಹಸು ಕೊಡುವುದು’, ‘ಈಗ ಸಾರಿಗೆ ಹಾಕುವುದು’. ಮಗು ಪದ ಊಹಿಸಿ, ಎಲ್ಲಿ ಬದಲಾಯಿಸಬೇಕೋ ಅಲ್ಲಷ್ಟೇ ಅಳಿಸಿ ಬರೆಯುತ್ತದೆ. ಓದುವುದು, ಬರೆಯುವುದು ಎರಡೂ ಒಂದೇ ಏಟಿಗೆ ಆಗುವ ಆಟ ಇದು.

ಶನಿವಾರ ಎಂಟು ಪದಗಳ ಉಕ್ತಲೇಖನ. ಅದರಲ್ಲಿ ಎರಡು ಪದ ವಾರದ ಪಟ್ಟಿಯಲ್ಲಿ ಇಲ್ಲದವು, ಆದರೆ ಅದೇ ಗುಂಪಿನವು. ಅವೆರಡನ್ನು ಸರಿ ಬರೆದರೆ ಮಗು ಬಾಯಿಪಾಠ ಮಾಡಿಲ್ಲ, ಕಲಿತಿದೆ. ಮಗುವೇ ಚೀಟಿ ಇಟ್ಟುಕೊಂಡು ತನ್ನದನ್ನು ತಾನೇ ನೋಡಿಕೊಳ್ಳಲಿ. ತಪ್ಪಾದ ಪದ ಮುಂದಿನ ಸೋಮವಾರದ ಚೀಟಿಗೆ ಹೋಗುತ್ತದೆ, ಅಷ್ಟೇ.

ಮೂರು ನಾಲ್ಕು ತಿಂಗಳು ಹೀಗೆ ಮಾಡಿದರೂ ಮಗು ಅದೇ ಸರಳ ಅಕ್ಷರಗಳಲ್ಲಿ ತಡವರಿಸುತ್ತಿದ್ದರೆ ಕಣ್ಣು, ಕಿವಿ ಎರಡನ್ನೂ ತೋರಿಸಿ. ಹಲಗೆ ಕಾಣದ, ಮಾತು ಸರಿಯಾಗಿ ಕೇಳದ ಮಕ್ಕಳನ್ನು ನಾವು ವರ್ಷಗಟ್ಟಲೆ ‘ಓದಲ್ಲ’ ಎಂದು ಬೈದಿರುತ್ತೇವೆ. ಎರಡೂ ಸರಿ ಇದ್ದು ಓದು ಮಾತ್ರ ಬಾರದಿದ್ದರೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಇರಬಹುದು. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧ ಇಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕೇಳಿ, ಮುಂದೆ ಎಲ್ಲಿ ತೋರಿಸಬೇಕು ಎಂದು ಅವರು ಹೇಳುತ್ತಾರೆ. ಚೀಟಿ ಆಟ ಆಗಲೂ ನಡೆಯಲಿ. ಒಂದು ಸಲಕ್ಕೆ ಐದೇ ಚೀಟಿ, ಇನ್ನೂ ದೊಡ್ಡ ಅಕ್ಷರ, ಒಂದು ವಾರದ ಪಾಠಕ್ಕೆ ಎರಡು ವಾರ.